ದಿನಕ್ಕೊಂದು ಗಿಡ: ಹ್ಯೂ ಕ್ಲೆಗ್‌ಹಾರ್ನ್ ಅವರ ಬದುಕು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ಜನರಿಗೆ ಮಲಪ್ರಭೆ ಬರೀ ಹೊಳೆಯಲ್ಲ, ತಾಯಿ. ಖಾನಾಪುರ ತಾಲ್ಲೂಕಿನ ಕಣಕುಂಬಿಯ ಕಾಡಿನಲ್ಲಿ ಹುಟ್ಟಿ, ನವಿಲುತೀರ್ಥದ ಎರಡು ಗುಡ್ಡಗಳ ನಡುವೆ ಅಣೆಕಟ್ಟಿನಲ್ಲಿ ನಿಂತು, ರಾಮದುರ್ಗವನ್ನು ಹಾದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. 2019ರ ಆಗಸ್ಟ್ ತಿಂಗಳಲ್ಲಿ ಈ ತಾಯಿ ಉಕ್ಕಿ ಹರಿದು ಹೊಳೆದಂಡೆಯ ಊರುಗಳ ಮನೆಗಳಿಗೆ ನುಗ್ಗಿದ್ದನ್ನು ನಾವು ಕಂಡಿದ್ದೇವೆ. ನಾಲ್ಕೇ ವರ್ಷಗಳ ನಂತರ, 2023ರಲ್ಲಿ, ಮುಂಗಾರು ಕೈಕೊಟ್ಟು ರಾಜ್ಯದ ಬಹುಪಾಲು ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದದ್ದನ್ನೂ ಕಂಡಿದ್ದೇವೆ. ಒಂದೇ ಹೊಳೆ, ಒಂದೇ ಜನ; ಒಮ್ಮೆ ನೀರು ಹೆಚ್ಚಾಗಿ ಅಳು, ಇನ್ನೊಮ್ಮೆ ನೀರಿಲ್ಲದೆ ಅಳು.

ಮರ, ಮಣ್ಣು, ತೊರೆ, ಹವೆ ಇವೆಲ್ಲ ಒಂದಕ್ಕೊಂದು ಕಟ್ಟಿಕೊಂಡಿವೆ, ಒಂದನ್ನು ಕೆಡಿಸಿದರೆ ಮತ್ತೊಂದು ಕೆಡುತ್ತದೆ ಎಂಬುದನ್ನು ಈಗ ಶಾಲೆಯ ಮಕ್ಕಳೂ ಪಾಠದಲ್ಲಿ ಓದುತ್ತಾರೆ. ಸುಮಾರು 175 ವರ್ಷಗಳ ಹಿಂದೆ ಇದನ್ನು ಸರ್ಕಾರದ ಮುಂದೆ ಒಂದು ಪ್ರಶ್ನೆಯಾಗಿ ಇಟ್ಟವರಲ್ಲಿ ಒಬ್ಬರು ಡಾಕ್ಟರ್ ಹ್ಯೂ ಕ್ಲೆಗ್‌ಹಾರ್ನ್. ಅವರು ಈ ಪಾಠವನ್ನು ಕಲಿತದ್ದು ನಮ್ಮ ಕನ್ನಡ ನಾಡಿನ ಮಲೆನಾಡಿನಲ್ಲಿ. ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ಅವರ ಜೀವನವನ್ನು ಸ್ಮರಿಸುವುದು ಸೂಕ್ತವೆನಿಸಿತು. ಅವರು ಮಾಡಿದ ಒಳ್ಳೆಯದರಿಂದಲೂ ಕಲಿಯುವುದಿದೆ, ಅವರು ಎಡವಿದ ಜಾಗದಿಂದಲೂ ಕಲಿಯುವುದಿದೆ.

ಹುಟ್ಟು ಮತ್ತು ವಿದ್ಯಾಭ್ಯಾಸ

ಹ್ಯೂ ಫ್ರಾನ್ಸಿಸ್ ಕ್ಲಾರ್ಕ್ ಕ್ಲೆಗ್‌ಹಾರ್ನ್ 1820ರ ಆಗಸ್ಟ್ 9ರಂದು ಮದರಾಸಿನಲ್ಲಿ ಹುಟ್ಟಿದರು. ತಂದೆ ಅಲ್ಲಿನ ಸುಪ್ರೀಂ ಕೋರ್ಟಿನಲ್ಲಿ ಅಧಿಕಾರಿ. ಅಜ್ಜನ ಹೆಸರೂ ಹ್ಯೂ ಕ್ಲೆಗ್‌ಹಾರ್ನ್; ಅವರು ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದು, ಮುಂದೆ ಸಿಲೋನಿನ ಆಡಳಿತದಲ್ಲಿ ದೊಡ್ಡ ಹುದ್ದೆ ಕಂಡವರು. ಅಂದಿನ ಇಂಗ್ಲಿಷ್ ಮನೆತನಗಳ ರೂಢಿಯಂತೆ ಮಗುವನ್ನು ಚಿಕ್ಕಂದಿನಲ್ಲೇ ತಾಯ್ನಾಡಿಗೆ ಕಳುಹಿಸಿದರು. ಸ್ಕಾಟ್ಲೆಂಡಿನ ಸ್ಟ್ರಾವಿಥಿ ಎಂಬ ಊರಿನ ಜಮೀನಿನಲ್ಲಿ ಅಜ್ಜನ ಆಸರೆಯಲ್ಲಿ ಹುಡುಗ ಬೆಳೆದ. ಹೊಲ, ಬೇಲಿ, ಮರ ನೆಡುವ ಕೆಲಸ ಇವೆಲ್ಲ ಅವನ ಕಣ್ಣಿಗೆ ಬಿದ್ದದ್ದು ಅಲ್ಲಿಯೇ.

ಆತ ಬಾಲಕನಾಗಿದ್ದ ಕಾಲದಲ್ಲಿ ನಮ್ಮ ಕಡೆ ಏನು ನಡೆದಿತ್ತೆಂಬುದನ್ನು ಇಲ್ಲಿ ನೆನೆಯಬೇಕು. 1824ರಲ್ಲಿ ಕಿತ್ತೂರಿನ ರಾಣಿ ಚೆನ್ನಮ್ಮ ಕಂಪನಿಯ ಸೈನ್ಯವನ್ನು ಎದುರಿಸಿದಳು; ಮೊದಲ ಕಾಳಗದಲ್ಲಿ ಗೆದ್ದಳು, ಎರಡನೆಯದರಲ್ಲಿ ಸೆರೆಯಾದಳು; 1829ರಲ್ಲಿ ಬೈಲಹೊಂಗಲದ ಕೋಟೆಯಲ್ಲಿ ಕೊನೆಯುಸಿರೆಳೆದಳು. ಕಿತ್ತೂರಿನ ಹೊಲ, ಕಾಡು, ಕೆರೆ ಎಲ್ಲವೂ ಕಂಪನಿಯ ಕೈಗೆ ಹೋದವು. ಕ್ಲೆಗ್‌ಹಾರ್ನ್ ಮುಂದೆ ಸೇವೆಗೆ ಸೇರಿದ್ದು ಇದೇ ಕಂಪನಿಗೆ. ಅವರ ಬದುಕನ್ನು ಓದುವಾಗ ಈ ಮಾತನ್ನು ಮರೆಯುವಂತಿಲ್ಲ.

ಎಡಿನ್‌ಬರೋದಲ್ಲಿ ವೈದ್ಯ ವಿದ್ಯೆ ಕಲಿತು 1841ರಲ್ಲಿ ಎಂ.ಡಿ. ಪದವಿ ಪಡೆದರು. ಆ ಕಾಲದಲ್ಲಿ ಔಷಧಿಗಳೆಲ್ಲ ಬಹುಪಾಲು ಗಿಡಮೂಲಿಕೆಗಳಿಂದಲೇ ಬರುತ್ತಿದ್ದುದರಿಂದ ವೈದ್ಯರಾಗುವವರು ಸಸ್ಯಶಾಸ್ತ್ರವನ್ನೂ ಓದಬೇಕಿತ್ತು. ಕ್ಲೆಗ್‌ಹಾರ್ನರಿಗೆ ಈ ವಿಷಯ ಮನಸ್ಸಿಗೆ ಹಿಡಿಸಿತು. 1842ರಲ್ಲಿ ಕಂಪನಿಯ ವೈದ್ಯರಾಗಿ ಅವರು ಹುಟ್ಟಿದೂರಾದ ಮದರಾಸಿಗೆ ಮರಳಿದರು.

ಶಿವಮೊಗ್ಗದ ದಿನಗಳು

ಕೆಲ ಕಾಲ ಆಸ್ಪತ್ರೆಯಲ್ಲಿ, ಪಲ್ಟಣಗಳ ಜೊತೆ ಅಲೆದಾಟದಲ್ಲಿ ಕಳೆದ ಮೇಲೆ 1845ರ ಸುಮಾರಿಗೆ ಅವರನ್ನು ಮೈಸೂರು ಸಂಸ್ಥಾನದ ನಗರ ವಿಭಾಗಕ್ಕೆ, ಶಿವಮೊಗ್ಗಕ್ಕೆ ಕಳುಹಿಸಲಾಯಿತು. ಆಗ ಮೈಸೂರಿನ ಆಡಳಿತ ಕಮಿಷನರ್ ಮಾರ್ಕ್ ಕಬ್ಬನ್ ಅವರ ಕೈಯಲ್ಲಿತ್ತು. ಹಗಲು ರೋಗಿಗಳ ಆರೈಕೆ. ಬಿಡುವು ಸಿಕ್ಕಾಗ ಕಾಡು, ತೋಟ, ಹೊಲಗಳ ಸುತ್ತಾಟ.

ಸಸ್ಯ ವಿಜ್ಞಾನಿ ಸರ್ ವಿಲಿಯಂ ಹೂಕರ್ ಅವರಿಂದ ಕ್ಲೆಗ್‌ಹಾರ್ನರಿಗೆ ಒಂದು ಸಲಹೆ ಸಿಕ್ಕಿತ್ತು. ದಿನಕ್ಕೆ ಒಂದೇ ಗಿಡವನ್ನು ಎತ್ತಿಕೊಳ್ಳಬೇಕು, ಕಾಲು ತಾಸು ಅದನ್ನು ಗಮನವಿಟ್ಟು ನೋಡಬೇಕು. ಅಷ್ಟು ಮಾಡಿದರೂ ಭಾರತದ ಸಸ್ಯಸಂಪತ್ತಿನ ಪರಿಚಯ ಚೆನ್ನಾಗಿ ಆಗುತ್ತದೆ ಎಂಬುದು ಅದರ ತಾತ್ಪರ್ಯ. ಕ್ಲೆಗ್‌ಹಾರ್ನ್ ಇದನ್ನು ವ್ರತದಂತೆ ಹಿಡಿದರು. ಶಿವಮೊಗ್ಗದಲ್ಲಿ ಒಬ್ಬ ಮರಾಠಿ ಚಿತ್ರಕಾರನನ್ನು ನೇಮಿಸಿಕೊಂಡು, ತಂದ ಗಿಡಗಳ ಬೇರು, ಎಲೆ, ಹೂ, ಕಾಯಿಗಳ ಚಿತ್ರ ಬರೆಸಿದರು. ಮುಂದೆ ಮದರಾಸಿನಲ್ಲಿ ಗೋವಿಂದು ಎಂಬ ನುರಿತ ಚಿತ್ರಕಾರರೂ ಅವರಿಗಾಗಿ ಬರೆದರು. ಹೊಲದ ಕಳೆ, ಬೇಲಿಯ ಬಳ್ಳಿ, ಮನೆಯ ಹಿತ್ತಿಲಿನ ತರಕಾರಿ ಯಾವುದನ್ನೂ ಅವರು ಕಡೆಗಣಿಸಲಿಲ್ಲ. ಆ ಚಿತ್ರಗಳು ಇಂದಿಗೂ ಎಡಿನ್‌ಬರೋದ ರಾಯಲ್ ಬೊಟಾನಿಕ್ ಗಾರ್ಡನ್‌ನಲ್ಲಿ ಜೋಪಾನವಾಗಿವೆ. ಸುಮಾರು 180 ವರ್ಷಗಳ ಹಿಂದೆ ಶಿವಮೊಗ್ಗದ ಸುತ್ತ ಏನೇನು ಬೆಳೆಯುತ್ತಿತ್ತೆಂದು ತಿಳಿಯಲು ಇಂದು ಅವು ಬೆಲೆಯುಳ್ಳ ದಾಖಲೆ.

ದಿನವೂ ಕಾಡಿಗೆ ಹೋಗುವವನ ಕಣ್ಣಿಗೆ ಗಿಡಗಳಷ್ಟೇ ಅಲ್ಲ, ಗಿಡಗಳಿಲ್ಲದ ಜಾಗವೂ ಕಾಣುತ್ತದೆ. ಬೆಲೆಬಾಳುವ ಸಾಗವಾನಿ ಮರಗಳು ಲೆಕ್ಕವಿಲ್ಲದೆ ಉರುಳುತ್ತಿದ್ದವು. ಕಡಿದವರು ಮತ್ತೆ ನೆಡುತ್ತಿರಲಿಲ್ಲ. ಗುಡ್ಡದ ಮೇಲೆ ಮರ ಹೋದರೆ ಮಳೆಗಾಲದಲ್ಲಿ ಮಣ್ಣು ಕೊಚ್ಚಿಹೋಗುತ್ತದೆ, ಬೇಸಿಗೆಯಲ್ಲಿ ಒರತೆ ಬತ್ತುತ್ತದೆ ಎಂಬುದು ಮಲೆನಾಡಿನ ರೈತರು ಬಲ್ಲ ಸಂಗತಿ. ಕ್ಲೆಗ್‌ಹಾರ್ನ್ ಅದನ್ನು ವಿಜ್ಞಾನಿಗಳೂ ಅಧಿಕಾರಿಗಳೂ ಕೇಳುವಂತೆ ಬರೆದಿಡಲು ಮುಂದಾದರು. ಅಷ್ಟರಲ್ಲಿ ಮಲೆನಾಡಿನ ಜ್ವರ ಅವರನ್ನು ಹಿಡಿಯಿತು. 1848ರಲ್ಲಿ ಅವರು ರಜೆಯ ಮೇಲೆ ಸ್ವದೇಶಕ್ಕೆ ಹೋಗಬೇಕಾಯಿತು.

1851ರ ವರದಿ

ಆ ಜ್ವರವೇ ಒಂದು ಒಳ್ಳೆಯ ಕೆಲಸಕ್ಕೆ ದಾರಿಯಾಯಿತು. 1850ರಲ್ಲಿ ಬ್ರಿಟಿಷ್ ಅಸೋಸಿಯೇಷನ್ ಎಂಬ ವಿಜ್ಞಾನ ಸಂಸ್ಥೆಯ ಸಭೆ ಎಡಿನ್‌ಬರೋದಲ್ಲಿ ಸೇರಿತು. ಭಾರತದ ಬೇಲಿ ಗಿಡಗಳ ಬಗ್ಗೆ ಕ್ಲೆಗ್‌ಹಾರ್ನ್ ಒಂದು ಪ್ರಬಂಧ ಸಿದ್ಧಪಡಿಸಿದ್ದು ಇದೇ ವರ್ಷ. ಉಷ್ಣವಲಯದ ಕಾಡುಗಳ ನಾಶದಿಂದ ಆಗುವ ಪರಿಣಾಮಗಳನ್ನು ಪರಿಶೀಲಿಸಲು ಸಭೆ ಒಂದು ಸಮಿತಿಯನ್ನು ನೇಮಿಸಿತು. ಕ್ಲೆಗ್‌ಹಾರ್ನ್ ಅದರ ಮುಖ್ಯ ಸದಸ್ಯ. ಫೋರ್ಬ್ಸ್ ರಾಯ್ಲ್, ಬೇರ್ಡ್ ಸ್ಮಿತ್, ಸ್ಟ್ರೇಚಿ ಉಳಿದ ಸದಸ್ಯರು. ಮರುವರ್ಷ, 1851ರಲ್ಲಿ, ಇಪ್ಸ್‌ವಿಚ್ ಸಭೆಯಲ್ಲಿ ವರದಿ ಮಂಡನೆಯಾಯಿತು.

ಈ ಚಿಂತನೆ ಏಕಾಏಕಿ ಹುಟ್ಟಿದ್ದಲ್ಲ. ಜರ್ಮನಿಯ ವಿಜ್ಞಾನಿ ಹಂಬೋಲ್ಟ್ 1800ರಲ್ಲಿ ದಕ್ಷಿಣ ಅಮೆರಿಕದ ವೆಲೆನ್ಸಿಯಾ ಸರೋವರದ ನೀರು ಇಳಿಯುತ್ತಿದ್ದುದನ್ನು ಕಂಡು, ಸುತ್ತಲಿನ ಕಾಡು ಕಡಿದದ್ದೇ ಅದಕ್ಕೆ ಒಂದು ಕಾರಣವೆಂದು ಬರೆದಿದ್ದ. ಕ್ಲೆಗ್‌ಹಾರ್ನರ ಸಮಿತಿ ಭಾರತದ ನಾನಾ ಕಡೆಗಳಿಂದ ಅಧಿಕಾರಿಗಳ ಅನುಭವಗಳನ್ನು ಕಲೆಹಾಕಿತು. ಕಾಡು ಇದ್ದರೆ ಮಳೆ ಹೆಚ್ಚುತ್ತದೆಯೇ ಎಂಬ ಪ್ರಶ್ನೆಗೆ ಸಾಕ್ಷ್ಯ ಎರಡೂ ಕಡೆ ಇದ್ದುದರಿಂದ ವರದಿ ಅಲ್ಲಿ ಎಚ್ಚರದಿಂದ ಮಾತಾಡಿತು. ಆದರೆ ಮರಗಳು ನೆಲದ ತೇವವನ್ನು ಕಾಯುತ್ತವೆ, ಒರತೆ ತೊರೆಗಳನ್ನು ಜೀವಂತವಾಗಿಡುತ್ತವೆ, ಗುಡ್ಡದ ಮಣ್ಣನ್ನು ಹಿಡಿದಿಡುತ್ತವೆ ಎಂಬ ಮಾತಿಗೆ ಬಲ ಕೊಟ್ಟಿತು. ಕಾಡನ್ನು ಅಡ್ಡಾದಿಡ್ಡಿ ಕಡಿಯಲು ಬಿಡದೆ ಸರ್ಕಾರ ವ್ಯವಸ್ಥಿತವಾಗಿ ನೋಡಿಕೊಳ್ಳಬೇಕೆಂದು ಸೂಚಿಸಿತು. ಗೊತ್ತಿರುವುದೆಷ್ಟು, ಊಹೆಯೆಷ್ಟು ಎಂದು ಬೇರೆ ಮಾಡಿ ಹೇಳುವುದು ವಿಜ್ಞಾನದ ಮೊದಲ ಪಾಠ. ಆ ವರದಿ ಅದನ್ನು ಪಾಲಿಸಿತ್ತು.

ಅರಣ್ಯ ಸಂರಕ್ಷಣಾಧಿಕಾರಿ

ಮದರಾಸಿಗೆ ಮರಳಿದ ಕ್ಲೆಗ್‌ಹಾರ್ನ್ ಅಲ್ಲಿನ ವೈದ್ಯಕೀಯ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾದರು. ಬೆಂಗಳೂರಿನ ಲಾಲ್‌ಬಾಗ್ 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾದದ್ದರ ಹಿಂದೆ ಅವರ ಸಲಹೆಯೂ ಇತ್ತು. ಅದೇ 1856ರಲ್ಲಿ ಮದರಾಸಿನ ಗವರ್ನರ್ ಲಾರ್ಡ್ ಹ್ಯಾರಿಸ್ ಅವರನ್ನು ಇಡೀ ಪ್ರಾಂತದ ಅರಣ್ಯ ಸಂರಕ್ಷಣಾಧಿಕಾರಿಯಾಗಿ ನೇಮಿಸಿದರು. ಮುಂಬಯಿ ಪ್ರಾಂತದಲ್ಲಿ ಅಲೆಗ್ಸಾಂಡರ್ ಗಿಬ್ಸನ್ ಎಂಬ ಇನ್ನೊಬ್ಬ ವೈದ್ಯರು 1847ರಿಂದಲೇ ಇಂಥದೇ ಹುದ್ದೆಯಲ್ಲಿದ್ದರು. ನಮ್ಮ ಬೆಳಗಾವಿ, ಧಾರವಾಡ ಜಿಲ್ಲೆಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಉತ್ತರ ಕೆನರಾ 1862ರವರೆಗೂ ಮದರಾಸಿಗೆ ಸೇರಿತ್ತು. ಹೀಗಾಗಿ ಮಲಪ್ರಭೆ ಹುಟ್ಟುವ ಖಾನಾಪುರದ ಕಾಡು ಒಬ್ಬರ ಸುಪರ್ದಿಗೆ, ಅದಕ್ಕೆ ಅಂಟಿಕೊಂಡ ಸೂಪಾದ ಕಾಡು ಇನ್ನೊಬ್ಬರ ಸುಪರ್ದಿಗೆ ಬಂದಿತ್ತು. ಕಾಡಿಗೇನು ಗೊತ್ತು, ಪ್ರಾಂತದ ಗಡಿ?

ಕುದುರೆ, ದೋಣಿ, ಮೇನೆ, ಕಾಲ್ನಡಿಗೆ ಹೀಗೆ ಸಿಕ್ಕ ಸಾಧನದಲ್ಲಿ ಅವರು ಘಟ್ಟದ ಕಾಡುಗಳನ್ನು ಸುತ್ತಿದರು. ಎಲ್ಲಿ ಯಾವ ಮರ ಎಷ್ಟಿದೆ, ಯಾವುದನ್ನು ಕಡಿಯಬಹುದು, ಯಾವುದನ್ನು ಮುಟ್ಟಬಾರದು, ಎಲ್ಲಿ ಹೊಸದಾಗಿ ನೆಡಬೇಕು ಎಂದು ವರ್ಷವರ್ಷವೂ ವರದಿ ಕೊಟ್ಟರು. ಆ ವರದಿಗಳು 1861ರಲ್ಲಿ ದಕ್ಷಿಣ ಭಾರತದ ಅರಣ್ಯ ಮತ್ತು ಉದ್ಯಾನಗಳು ಎಂಬ ಅರ್ಥದ ಹೆಸರಿನಲ್ಲಿ ಇಂಗ್ಲಿಷ್ ಪುಸ್ತಕವಾಗಿ ಬಂದವು.

ಅವರು ಅಧಿಕಾರ ವಹಿಸಿಕೊಂಡ ವರ್ಷವೇ ಮದರಾಸಿನ ರಾಯಪುರದಿಂದ ದಕ್ಷಿಣ ಭಾರತದ ಮೊದಲ ಪ್ರಯಾಣಿಕರ ರೈಲು ಹೊರಟಿತು. ಹಳಿಗಳ ಕೆಳಗೆ ಅಡ್ಡಲಾಗಿ ಮರದ ದಿಮ್ಮಿಗಳು ಬೇಕು. ಒಂದು ಮೈಲಿ ಹಳಿಗೆ 1,760ರಿಂದ 2,000 ದಿಮ್ಮಿ. ಮದರಾಸು ಪ್ರಾಂತವೊಂದರಲ್ಲೇ ಇದಕ್ಕಾಗಿ ವರ್ಷಕ್ಕೆ ಸುಮಾರು 35,000 ಮರಗಳು ಉರುಳುತ್ತಿದ್ದವು. ದಿಮ್ಮಿಗಳು ಕೆಲವೇ ವರ್ಷಗಳಲ್ಲಿ ಗೆದ್ದಲು ಹಿಡಿದು ಕೊಳೆಯುತ್ತಿದ್ದುದರಿಂದ ಮತ್ತೆ ಮತ್ತೆ ಕಡಿಯಬೇಕಿತ್ತು. ಹಡಗು ಕಟ್ಟಲು ಸಾಗವಾನಿ, ಊರುಗಳಿಗೆ ಕಟ್ಟಿಗೆ, ಕಾಫಿ ತೋಟಗಳಿಗೆ ಜಾಗ ಇವೆಲ್ಲ ಬೇರೆ. ಕಾಡನ್ನು ಕಾಯಲು ನೇಮಿಸಿದ ಅಧಿಕಾರಿಯೇ ರೈಲಿಗೆ ಮರ ಒದಗಿಸುವ ಹೊಣೆಯನ್ನೂ ಹೊರಬೇಕಿತ್ತು.

ಕುಮರಿಯ ಪ್ರಶ್ನೆ

ಕ್ಲೆಗ್‌ಹಾರ್ನರ ಜೀವನದಲ್ಲಿ ನಾವು ನಿಂತು ಯೋಚಿಸಬೇಕಾದ ಜಾಗ ಇದು. ಕೆನರಾದ ಘಟ್ಟದಲ್ಲಿ ಕುಡುಬಿ, ಮರಾಠಿ, ಮಲೆಕುಡಿಯ ಮುಂತಾದ ಜನ ಕುಮರಿ ಬೇಸಾಯ ಮಾಡುತ್ತಿದ್ದರು. ಗುಡ್ಡದ ಒಂದು ತುಂಡು ಕಾಡನ್ನು ಕಡಿದು, ಒಣಗಿಸಿ, ಮಳೆಗೆ ಮುನ್ನ ಸುಟ್ಟು, ಬೂದಿಯಲ್ಲಿ ರಾಗಿ, ಭತ್ತ ಬಿತ್ತುವುದು. ಒಂದೆರಡು ಬೆಳೆ ತೆಗೆದು ಆ ಜಾಗವನ್ನು ಬಿಟ್ಟು ಬೇರೆಡೆಗೆ ಹೋಗುವುದು. ಹತ್ತಾರು ವರ್ಷಗಳ ಮೇಲೆ, ಕಾಡು ಮತ್ತೆ ಬೆಳೆದಾಗ, ಅಲ್ಲಿಗೇ ಮರಳುವುದು. ಕ್ಲೆಗ್‌ಹಾರ್ನರ ಕಣ್ಣಿಗೆ ಇದು ಬೆಲೆಬಾಳುವ ಮರಗಳನ್ನು ಬೂದಿ ಮಾಡುವ ಕೆಟ್ಟ ಪದ್ಧತಿಯಾಗಿ ಕಂಡಿತು. ಅದನ್ನು ತಡೆಯಬೇಕೆಂದು ಅವರು ಬಲವಾಗಿ ಬರೆದರು. 1860ರಲ್ಲಿ ಮದರಾಸು ಸರ್ಕಾರ ಸರ್ಕಾರಿ ಕಾಡುಗಳಲ್ಲಿ ಅನುಮತಿಯಿಲ್ಲದೆ ಕುಮರಿ ಮಾಡುವುದನ್ನು ನಿಷೇಧಿಸಿತು.

ಇಂದಿನ ತಿಳಿವಳಿಕೆಯಿಂದ ನೋಡಿದರೆ ಪ್ರಶ್ನೆ ಅಷ್ಟು ಸರಳವಲ್ಲ. ಮರ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಎಲೆಗಳಿಂದ ಎಳೆದುಕೊಂಡು, ಬಿಸಿಲಿನ ಬಲದಿಂದ ಅದನ್ನು ಕಾಂಡ, ಬೇರು, ಎಲೆಗಳಾಗಿ ಮಾಡಿಕೊಳ್ಳುತ್ತದೆ. ಒಣಗಿದ ಮರದ ತೂಕದಲ್ಲಿ ಸುಮಾರು ಅರ್ಧ ಇಂಗಾಲವೇ. ಮರ ಸುಟ್ಟರೆ ಆ ಇಂಗಾಲ ಮತ್ತೆ ಗಾಳಿಗೆ ಹೋಗುತ್ತದೆ. ಅದೇ ಜಾಗದಲ್ಲಿ ಕಾಡು ಮತ್ತೆ ಬೆಳೆದರೆ ಗಾಳಿಯಿಂದ ಮರಳಿ ಬರುತ್ತದೆ. ಇದೇ ಇಂಗಾಲದ ಚಕ್ರ. ಜನ ಕಡಿಮೆಯಿದ್ದು, ನೆಲಕ್ಕೆ ಸಾಕಷ್ಟು ವರ್ಷ ವಿಶ್ರಾಂತಿ ಕೊಟ್ಟರೆ ಕುಮರಿಯಲ್ಲಿ ಚಕ್ರ ಸುತ್ತುತ್ತಲೇ ಇರುತ್ತದೆ. ಬೇಗಬೇಗ ಸುಟ್ಟರೆ ಮುರಿಯುತ್ತದೆ. ಆದರೆ ಕಡಿದ ಕಾಡಿನ ಜಾಗ ಶಾಶ್ವತವಾಗಿ ಬೋಳಾದರೆ, ಅಥವಾ ಕೋಟ್ಯಂತರ ವರ್ಷಗಳಿಂದ ನೆಲದಡಿ ಹೂತಿದ್ದ ಕಲ್ಲಿದ್ದಲನ್ನು ಅಗೆದು ಸುಟ್ಟರೆ, ಅಲ್ಲಿಂದ ಹೋದ ಇಂಗಾಲ ನಮ್ಮ ಕಾಲದಲ್ಲಿ ಮರಳುವುದಿಲ್ಲ.

ರೈಲಿಗೆ ವರ್ಷಕ್ಕೆ 35,000 ಮರ ಬೀಳುತ್ತಿದ್ದ ಕಾಲದಲ್ಲಿ ನಿಷೇಧ ಬಿದ್ದದ್ದು ಕುಮರಿಯವನ ಕುಡುಗೋಲಿನ ಮೇಲೆ. ಅವನ ಅನ್ನ ಹೋಯಿತು. ಕಾಡಿನ ಒಡನಾಟದಲ್ಲಿ ಬಾಳಿದವನು ಕೂಲಿಯಾದ. ಮುಂದೆ ಬಂದ 1865 ಮತ್ತು 1878ರ ಅರಣ್ಯ ಕಾಯಿದೆಗಳು ಇದೇ ಹಾದಿಯಲ್ಲಿ ಇನ್ನೂ ಬಿಗಿಯಾದವು. ಸೊಪ್ಪು, ಸೌದೆ, ಮೇವುಗಳಿಗಾಗಿ ಹಳ್ಳಿಯ ಜನ ಕಾಡಿನ ಅಂಚಿನಲ್ಲೇ ಅಪರಾಧಿಗಳಂತೆ ನಿಲ್ಲಬೇಕಾಯಿತು. ಕ್ಲೆಗ್‌ಹಾರ್ನ್ ಕೆಟ್ಟ ಮನಸ್ಸಿನವರಲ್ಲ. ಗುತ್ತಿಗೆದಾರರ ದುರಾಸೆಯ ವಿರುದ್ಧವೂ ಅವರು ಬರೆದರು. ಆದರೂ ಭಾರ ಹೊತ್ತವರು ಬಡವರೇ. ಪರಿಸರ ಉಳಿಸುವ ಕೆಲಸದಲ್ಲಿ ಯಾರ ಹೊಟ್ಟೆಯ ಮೇಲೆ ಹೊಡೆತ ಬೀಳುತ್ತದೆ ಎಂದು ಮೊದಲು ಕೇಳಬೇಕೆಂಬುದು ಅವರ ಜೀವನ ನಮಗೆ ಕಲಿಸುವ ಕಹಿ ಪಾಠ.

ಕೊನೆಯ ದಿನಗಳು

1861ರಲ್ಲಿ ಮೇಬಲ್ ಕೊವನ್ ಅವರನ್ನು ಮದುವೆಯಾದ ಕ್ಲೆಗ್‌ಹಾರ್ನ್, ಅದಾದ ಮೇಲೆ ಪಂಜಾಬು ಮತ್ತು ಪಶ್ಚಿಮ ಹಿಮಾಲಯದ ದೇವದಾರು ಕಾಡುಗಳನ್ನು ಪರಿಶೀಲಿಸಲು ನಿಯುಕ್ತರಾದರು. ಆ ವರದಿ 1864ರಲ್ಲಿ ಪ್ರಕಟವಾಯಿತು. ಅದೇ ವರ್ಷ ಜರ್ಮನಿಯ ಡೀಟ್ರಿಶ್ ಬ್ರಾಂಡಿಸ್ ಭಾರತದ ಮೊದಲ ಅರಣ್ಯ ಮಹಾನಿರೀಕ್ಷಕರಾದರು. ಅವರು ರಜೆಯಲ್ಲಿದ್ದಾಗ ಆ ಹುದ್ದೆಯನ್ನು ಕ್ಲೆಗ್‌ಹಾರ್ನ್ ನಿರ್ವಹಿಸಿದ್ದೂ ಉಂಟು. 1860ರ ದಶಕದ ಕೊನೆಯಲ್ಲಿ ಸ್ಟ್ರಾವಿಥಿಗೆ ಹಿಂದಿರುಗಿ, ಮುಂದೆ ಅಲ್ಲಿಯೇ ನೆಲೆಸಿದರು. ಸ್ಕಾಟ್ಲೆಂಡಿನಲ್ಲಿ ಅರಣ್ಯಶಾಸ್ತ್ರದ ಶಿಕ್ಷಣ ಬೆಳೆಯಲು ದುಡಿದರು. ಭಾರತಕ್ಕೆ ಹೋಗುವ ಎಳೆಯ ಅರಣ್ಯಾಧಿಕಾರಿಗಳಿಗೆ ಮಾರ್ಗದರ್ಶನ ಮಾಡಿದರು. ರಾಬರ್ಟ್ ವೈಟ್ ಎಂಬ ಸಸ್ಯಶಾಸ್ತ್ರಜ್ಞರು ಒಂದು ಸಸ್ಯಕುಲಕ್ಕೆ ಕ್ಲೆಗ್‌ಹಾರ್ನಿಯ ಎಂದು ಅವರ ಹೆಸರಿಟ್ಟಿದ್ದರು. 1895ರ ಮೇ 16ರಂದು, 74ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು.

ಅವರು ಕಾಣದೆ ಹೋದದ್ದು

ಕ್ಲೆಗ್‌ಹಾರ್ನ್ ಕಾಡು ಮತ್ತು ನೀರಿನ ನಂಟನ್ನು ಕಂಡಿದ್ದರು. ಕಾಡು ಮತ್ತು ಇಡೀ ಭೂಮಿಯ ಉಷ್ಣತೆಯ ನಂಟು ಅವರ ಕಾಲದಲ್ಲೇ ಒಂದೊಂದಾಗಿ ಬಯಲಿಗೆ ಬರುತ್ತಿತ್ತು. ಅವರು ಸಂರಕ್ಷಣಾಧಿಕಾರಿಯಾದ 1856ರಲ್ಲೇ ಅಮೆರಿಕದ ಯೂನಿಸ್ ಫೂಟ್ ಎಂಬ ಮಹಿಳೆ ಗಾಜಿನ ಕೊಳವೆಗಳಲ್ಲಿ ಬೇರೆ ಬೇರೆ ಅನಿಲ ತುಂಬಿ ಬಿಸಿಲಿಗಿಟ್ಟು, ಇಂಗಾಲದ ಡೈಆಕ್ಸೈಡ್ ತುಂಬಿದ ಕೊಳವೆ ಹೆಚ್ಚು ಕಾಯುವುದನ್ನು ತೋರಿಸಿದರು. 1859ರಲ್ಲಿ ಜಾನ್ ಟಿಂಡಾಲ್ ಲಂಡನ್ನಿನಲ್ಲಿ ಈ ಅನಿಲ ಶಾಖವನ್ನು ಹೀರುವ ಬಗೆಯನ್ನು ಅಳೆದರು. ಕ್ಲೆಗ್‌ಹಾರ್ನ್ ತೀರಿಕೊಂಡ ಮರುವರ್ಷ, 1896ರಲ್ಲಿ, ಸ್ವೀಡನ್ನಿನ ಆರೀನಿಯಸ್ ಗಾಳಿಯಲ್ಲಿ ಈ ಅನಿಲ ಹೆಚ್ಚಿದರೆ ಭೂಮಿ ಎಷ್ಟು ಕಾಯುತ್ತದೆಂದು ಲೆಕ್ಕ ಹಾಕಿದರು. 1958ರಿಂದ ಚಾರ್ಲ್ಸ್ ಕೀಲಿಂಗ್ ಹವಾಯಿ ದ್ವೀಪದ ಪರ್ವತದ ಮೇಲೆ ಅದನ್ನು ನಿರಂತರವಾಗಿ ಅಳೆಯಲು ತೊಡಗಿದರು.

ಆ ಅಳತೆಯಂತೆ, ಐವತ್ತು ವರ್ಷಗಳ ಹಿಂದೆ ಗಾಳಿಯ ಹತ್ತು ಲಕ್ಷ ಕಣಗಳಲ್ಲಿ ಇಂಗಾಲದ ಡೈಆಕ್ಸೈಡಿನ ಕಣಗಳು ಸುಮಾರು 330 ಇದ್ದವು. ಈಗ 420 ದಾಟಿವೆ. ಕೈಗಾರಿಕೆಗಳು ಬರುವ ಮೊದಲು ಇದ್ದದ್ದು ಸುಮಾರು 280. ಅಂದರೆ ಈ ಏರಿಕೆಯ ಬಹುಪಾಲು ಆಗಿರುವುದು ಒಂದು ಶಾಲೆಯ ಸುವರ್ಣ ಮಹೋತ್ಸವದಷ್ಟು ಅವಧಿಯಲ್ಲಿ. ಗಾಳಿ ಒಂದು ಡಿಗ್ರಿ ಹೆಚ್ಚು ಕಾದರೆ ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದಿಡಬಲ್ಲದು. ಸುರಿಯುವಾಗ ಒಮ್ಮೆಗೇ ಸುರಿಯುತ್ತದೆ. ಸುರಿಯದಾಗ ನೆಲದ ತೇವವನ್ನು ಬೇಗ ಹೀರುತ್ತದೆ. ನೆರೆ, ಬರಗಳು ಹಿಂದೆಯೂ ಇದ್ದವು. 1876ರಿಂದ 1878ರ ಭೀಕರ ಬರದಲ್ಲಿ ನಮ್ಮ ಈ ಸೀಮೆ ನಲುಗಿತ್ತು. ಆದರೆ ಈಗ ಹವೆಯೇ ಅವುಗಳಿಗೆ ಬಲ ತುಂಬುತ್ತಿದೆ.

ನಾವೇನು ಮಾಡಬಹುದು

ಕಣಕುಂಬಿಯ ಕಾಡು ನಮ್ಮಿಂದ ದೂರ. ಆದರೆ ಅಲ್ಲಿನ ಮರ ಹಿಡಿದಿಟ್ಟ ನೀರೇ ಸವದತ್ತಿಯ ಆಣೆಕಟ್ಟಿಗೆ, ರಾಮದುರ್ಗದ ಹೊಲಕ್ಕೆ ಬರುವುದು. ಅಲ್ಲಿ ಮಣ್ಣು ಸಡಿಲಾದರೆ ಇಲ್ಲಿ ಹೂಳು ತುಂಬುತ್ತದೆ. ಇನ್ನು ನಮ್ಮ ಕಾಲಡಿಯ ಎರೆಮಣ್ಣು ತಾನೇ ಇಂಗಾಲದ ಒಂದು ಕಣಜ. ಕಬ್ಬಿನ ರವದಿಗೆ ಬೆಂಕಿ ಇಟ್ಟಾಗ ಭೂಮಿಗೆ ಸೇರಬೇಕಾದ ಇಂಗಾಲ ಹೊಗೆಯಾಗಿ ಹೋಗುತ್ತದೆ. ಅದನ್ನೇ ಸಾಲಿನಲ್ಲಿ ಹಾಸಿ ಕೊಳೆಯಲು ಬಿಟ್ಟರೆ ನೆಲಕ್ಕೆ ಸತ್ವ, ತೇವ ಎರಡೂ ಉಳಿಯುತ್ತವೆ. ಹೊಲದ ಬದುವಿನಲ್ಲಿ ಬೇವು, ಬನ್ನಿ, ಹುಣಸೆ ಬೆಳೆಸುವುದು ನಮ್ಮ ಹಿರಿಯರ ರೂಢಿಯೇ ಆಗಿತ್ತು. ಆದರೆ ಹವೆಯನ್ನು ಕೆಡಿಸಿದ್ದರಲ್ಲಿ ಕಲ್ಲಿದ್ದಲು, ಎಣ್ಣೆ ಸುಡುವ ದೊಡ್ಡವರ ಪಾಲೇ ದೊಡ್ಡದು. ಅದರ ಹೊಣೆಯನ್ನೆಲ್ಲ ಒಣಬೇಸಾಯದ ರೈತನ ತಲೆಗೆ ಕಟ್ಟಿದರೆ ಕುಮರಿಯ ತಪ್ಪನ್ನೇ ಮತ್ತೆ ಮಾಡಿದಂತೆ.

ವಿದ್ಯಾರ್ಥಿ ಮಿತ್ರರೇ, ಕ್ಲೆಗ್‌ಹಾರ್ನರ ಅಧಿಕಾರ ನಮಗೆ ಬೇಡ. ಅವರ ಅಭ್ಯಾಸವೊಂದನ್ನು ಮಾತ್ರ ನಾವು ಎತ್ತಿಕೊಳ್ಳಬಹುದು. ಶಾಲೆಗೆ ಬರುವ ದಾರಿಯಲ್ಲಿ ದಿನಕ್ಕೊಂದು ಗಿಡವನ್ನು ನಿಂತು ನೋಡಿ. ಅದರ ಹೆಸರನ್ನು ಮನೆಯ ಹಿರಿಯರಲ್ಲಿ ಕೇಳಿ. ಯಾವ ತಿಂಗಳು ಚಿಗುರಿತು, ಯಾವ ತಿಂಗಳು ಹೂ ಬಿಟ್ಟಿತು, ಮೊದಲ ಮಳೆ ಎಂದು ಬಿತ್ತು, ಬಾವಿಯ ನೀರು ಎಷ್ಟು ಕೆಳಗಿದೆ ಎಂದು ಒಂದು ಪಟ್ಟಿಯಲ್ಲಿ ಬರೆದಿಡಿ. ಚಿತ್ರ ಬರೆಯಲು ಬರುವವರು ಬರೆಯಿರಿ. ವರ್ಷವರ್ಷವೂ ಒಂದೊಂದು ತರಗತಿ ಈ ಪಟ್ಟಿಯನ್ನು ಮುಂದುವರಿಸಿದರೆ, ಈ ಶಾಲೆಯ ಶತಮಾನೋತ್ಸವದ ಹೊತ್ತಿಗೆ ನಮ್ಮ ಸೀಮೆಯ ಹವೆ ಹೇಗೆ ಬದಲಾಯಿತೆಂದು ತಿಳಿಯಲು ಯಾರೂ ಎಡಿನ್‌ಬರೋಗೆ ಹೋಗಬೇಕಾಗುವುದಿಲ್ಲ. ಅದು ನಮ್ಮ ಶಾಲೆಯ ಕಪಾಟಿನಲ್ಲೇ ಸಿಗುತ್ತದೆ.